ಹೆಸರು ಕೇಳಿದ ಹಳೇ ಕಂಪ್ಯೂಟರು

ಹೋದ ವಾರ ಹಳೆಯ ಸಿಪಿಯು ಒಂದರ ಸ್ಕ್ರೂ ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಕಂದು ಧೂಳು ಮೆತ್ತಿಕೊಂಡಿತ್ತು. ಬೆರಳಿಗೆ ಹತ್ತಿದ್ದನ್ನು ಮೂಸಿದೆ, ತಂಬಾಕು. ಮೊದಲು ಸೀನು ಬಂತು, ಆಮೇಲೆ ಸಿಟ್ಟು ಬಂತು. ನಿಪ್ಪಾಣಿಯ ತಂಬಾಕಿನ ವಖಾರಿಯ ಮೇಲಿದ್ದ ಆ ಕಂಪ್ಯೂಟರ್ ಕ್ಲಾಸು, ಅಲ್ಲಿ ನನಗೆ ಕಲಿಸಿದ ಸರ್... ಎಲ್ಲ ಆ ಧೂಳಿನ ಜೊತೆಗೇ ಎದ್ದು ಬಂದವು.

ಎರಡು ಸಾವಿರದ ಹತ್ತರ ಆಸುಪಾಸು. ನಾನು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಅವ್ವ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ನಿಪ್ಪಾಣಿಯ ಆ ಕ್ಲಾಸಿನಲ್ಲಿ ಉಳಿದವರೆಲ್ಲ ಟೈಪಿಂಗ್ ಕಲಿತು ಹೋಗುತ್ತಿದ್ದರು, ನನ್ನನ್ನು ಮಾತ್ರ ಸರ್ ಉಳಿಸಿಕೊಂಡರು. ಬ್ರೌಸರಿನ ಒಳಗೆ ಜಾವಾಸ್ಕ್ರಿಪ್ಟನ್ನು ಓದಿ ಓಡಿಸುವ ಎಂಜಿನ್ ಒಂದಿರುತ್ತದೆ, ಅದರ ಮೂಲ ಕೋಡನ್ನು ಯಾರು ಬೇಕಾದರೂ ತಂದು ತಾವೇ ಕಟ್ಟಿಕೊಳ್ಳಬಹುದು ಎಂದು ನನಗೆ ತಿಳಿದದ್ದು ಅವರಿಂದ. ನಮ್ಮ ನೆಟ್ಟಿಗೆ ಅಷ್ಟು ದೊಡ್ಡದನ್ನು ಇಳಿಸುವ ತಾಕತ್ತಿರಲಿಲ್ಲ. ಕೊಲ್ಲಾಪುರಕ್ಕೆ ಹೋಗಿ ಪೆನ್ ಡ್ರೈವಿನಲ್ಲಿ ತಂದರು.

"ರೊಟ್ಟಿ ತಿನ್ನೂದು ಎಲ್ಲಾರಿಗೂ ಬರ್ತೈತಿ ತಂಗಿ. ಹಿಟ್ಟು ಹೆಂಗ ಬೀಸ್ತಾರ ನೋಡೂಣು ಬಾ," ಅಂದರು.

ಬೆಳಿಗ್ಗೆ ಬಿಲ್ಡ್, ಅಂದರೆ ಕೋಡಿನಿಂದ ಎಂಜಿನ್ ಕಟ್ಟುವ ಕೆಲಸ, ಹಚ್ಚಿದರೆ ಊಟದ ಹೊತ್ತು ದಾಟಿದರೂ ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇರುತ್ತಿದ್ದವು. ನಡುವೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಹಚ್ಚಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು, ಅದೊಂದು ಪುಣ್ಯ. ಆ ಫೈಲು ಇಲ್ಲ, ಈ ಆವೃತ್ತಿ ಹಳೆಯದು ಎಂದು ಬಂದ ತಕರಾರುಗಳನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೂರನೆಯ ವಾರ ಎಂಜಿನ್ ತಯಾರಾಯಿತು. ಸರ್ ಕೀಬೋರ್ಡನ್ನು ನನ್ನ ಕಡೆ ಸರಿಸಿದರು. ಎರಡು ಕೂಡಿಸು ಮೂರು ಎಂದು ಕೊಟ್ಟೆ. ಎಂಜಿನ್ ಅಲ್ಲೇ ಸತ್ತಿತು.

ಸರ್ ಎರಡು ದಿನ ಒದ್ದಾಡಿ, "ಮಷೀನ್ ಮುದಿ ಆಗೈತಿ, ಬಿಟ್ಟಬಿಡು," ಅಂದರು. ನಾನು ಬಿಡಲಿಲ್ಲ. ಅವ್ವನ ಪಕ್ಕ ಕೂತು ಎಲೆ ಕತ್ತರಿಸುವಾಗಲೂ ತಲೆಯಲ್ಲಿ ಅದೇ. ಕೊನೆಗೆ ಸಿಕ್ಕಿತು. ಎಲ್ಲರ ಹತ್ತಿರವೂ ಹೊಸ ಪ್ರೊಸೆಸರ್ ಇದೆ ಎಂದುಕೊಂಡು ಬರೆದ ಕೋಡು ಅದು, ನಮ್ಮ ಹಳೆಯದಕ್ಕೆ ಗೊತ್ತೇ ಇಲ್ಲದ ಆಜ್ಞೆ ಕೊಡುತ್ತಿತ್ತು. 'ಇದು ನಿನಗೆ ಬರುತ್ತದೆಯೇ' ಎಂದು ಮೊದಲು ಪ್ರೊಸೆಸರನ್ನು ಕೇಳಿ, ಬಾರದಿದ್ದರೆ ಹಳೆಯ ದಾರಿ ಹಿಡಿಯುವ ಏಳು ಸಾಲು ಬರೆದೆ. ಮತ್ತೆ ಕಟ್ಟಿದೆ. ಐದು ಎಂದು ಬಂತು. ಸರ್ ಖುಷಿಗೆ ಟೇಬಲ್ ಗುದ್ದಿದರು.

ಬದಲಾವಣೆಯನ್ನು ದಾಖಲಿಸುವಾಗ ಕಂಪ್ಯೂಟರು ಬರೆದವರ ಹೆಸರು ಕೇಳಿತು. ಮಷೀನ್ ಸರ್ ಅವರದು, ವಿದ್ಯೆ ಸರ್ ಅವರದು. ಲಗ್ನಪತ್ರಿಕೆಯಲ್ಲಿ ಯಾರೇ ಓಡಾಡಿ ಮದುವೆ ಮಾಡಿದರೂ ಮೇಲೆ ಹಿರಿಯರ ಹೆಸರೇ ಹಾಕಿಸುವ ಮನೆಯವಳು ನಾನು. ಸರ್ ಹೆಸರು ಒತ್ತಿದೆ. ಅವರು ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು. "ಭಾಳ ಶಾಣ್ಯಾಕಿ ಅದಿ," ಅಂದರು ಅಷ್ಟೇ.

ಅವರೇ ಅದನ್ನು ಎಂಜಿನ್ ನೋಡಿಕೊಳ್ಳುವವರಿಗೆ ಕಳಿಸಿದರು. ಕೆಲವು ವಾರಗಳಲ್ಲಿ ಅದು ಮೂಲ ಕೋಡಿಗೇ ಸೇರಿತು. ಸರ್ ಕ್ಲಾಸಿಗೆಲ್ಲ ಪೇಢೆ ಹಂಚಿ, ನಮ್ಮ ಕೆಲಸ ಲೋಕದ ತುಂಬ ಹೋಯಿತು ಅಂದರು. 'ನಮ್ಮ' ಎಂಬ ಆ ಮಾತನ್ನು ನಾನು ನಂಬಿದೆ. ಅದನ್ನೇ ತೋರಿಸಿ ಅವರು ಪುಣೆಯ ಕಾಲೇಜೊಂದರಲ್ಲಿ ನೌಕರಿ ಹಿಡಿದಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದವಳೂ ನಾನೇ.

ಮರುವರ್ಷ ಕೊಲ್ಲಾಪುರದ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದೆ. ನೀವೇ ಮಾಡಿದ್ದು ಏನಾದರೂ ತೋರಿಸಿ ಅಂದರು. ನೆಟ್ಟಿನಲ್ಲಿ ನನ್ನ ಏಳು ಸಾಲು ಇದ್ದ ಪುಟವನ್ನು ಹೆಮ್ಮೆಯಿಂದ ತೆರೆದೆ. ಇಲ್ಲಿರುವ ಹೆಸರು ಯಾರದು ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಸರ್ ಅವರದು ಅಂದೆ. ಅವರು ನಕ್ಕು, ಇನ್ನೇನಾದರೂ ಇದೆಯೇ ಅಂದರು.

ಬಸ್ ಸ್ಟ್ಯಾಂಡಿನಿಂದಲೇ ಸರ್‌ಗೆ ಫೋನ್ ಹಚ್ಚಿದೆ. "ಸರ್, ಅದನ್ನ ನಾ ಬರದದ್ದು ಅಂತ ಕಂಪನಿಯವರಿಗೆ ಎರಡು ಸಾಲು ಬರದು ಕಳಸ್ರಿ. ಅಷ್ಟ ಸಾಕು."

"ಹೆಸರು ನೀನ ಹಾಕೀದಿ ತಂಗಿ. ನಾ ಏನ್ ಹಾಕು ಅಂದಿದ್ನೇನು?" ಅಂದರು.

ನಿಜ, ಅವರು ಹಾಕು ಅಂದಿರಲಿಲ್ಲ. ನಾನು ತೋರಿಸಿದ ಮರ್ಯಾದೆಯನ್ನೇ ನನ್ನ ತಪ್ಪು ಮಾಡಿ ಕೈಗಿಟ್ಟರು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ, ಆದರೆ ಲೆಕ್ಕ ಬಿಡಿಸಿ ತೋರಿಸುವಾಗಿನ ಅದೇ ಮೆತ್ತನೆಯ ದನಿ... ಮನೆಗೆ ಬಂದು ಅತ್ತುಬಿಟ್ಟೆ. ಅವ್ವ ಕೈ ನಿಲ್ಲಿಸದೆ, "ಬೀಡಿ ಕಟ್ಟಿನ ಮ್ಯಾಲ ನನ್ನ ಹೆಸರು ಐತೇನ? ಏಳು, ಉಣ್ಣು," ಅಂದಳು. ಆ ದಿನ ಅವಳ ಮೇಲೂ ಸಿಟ್ಟಾದೆ.

ಈಗ ನಾನು ಹಾರೂಗೇರಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸರ್ ಹೋದ ವರ್ಷ ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಹೆಂಡತಿ ಈ ಸಿಪಿಯು ನನಗೆ ಕಳಿಸಿದರು. ಇದರ ಮುಂದೆ ಎಲ್ಲರಿಗಿಂತ ಹೆಚ್ಚು ಕೂತವಳು ನಾನೇ ಎಂದು ಸರ್ ಹೇಳುತ್ತಿದ್ದರಂತೆ. ಮನೆಯಲ್ಲಿ ಹೇಳಿದ್ದರು, ಹೇಳಬೇಕಾದಲ್ಲಿ ಹೇಳಲಿಲ್ಲ.

ಧೂಳು ಒರೆಸಿ ಸ್ವಿಚ್ ಹಾಕಿದೆ. ಚಾಲೂ ಆಯಿತು. ಹಳೆಯ ದಾಖಲೆ ತೆರೆದೆ. ನನ್ನ ಏಳು ಸಾಲಿನ ಮೇಲೆ ಅವರ ಹೆಸರು ಹಾಗೇ ಇತ್ತು. ಅಳಿಸಿ ನನ್ನದು ಬರೆದೆ. ಈ ಒಂದು ಡಬ್ಬಿಯಲ್ಲಿ ಮಾತ್ರ, ಹೊರಗೆಲ್ಲ ಇನ್ನೂ ಸರ್ ಹೆಸರೇ ಇದೆ. ಜಗಳ ಆಡೋಣವೆಂದರೆ ಅವರಿಲ್ಲ, ಕ್ಷಮಿಸೋಣವೆಂದರೆ ಮನಸ್ಸಿಲ್ಲ. ಎಂಜಿನ್ ಓಡಿಸಿ ಎರಡು ಕೂಡಿಸು ಮೂರು ಎಂದು ಕೊಟ್ಟೆ. ಐದು ಬಂತು. ತಿರುಗಿ ತೋರಿಸಬೇಕು ಅನ್ನಿಸಿದ್ದು ಅವರೊಬ್ಬರಿಗೇ.