ಹೊಸಬರಿಗೆ ಸ್ವಾಗತ

ನಮ್ಮ ಮನೆಯವರಿಗೆ ದೇಶವಿದೇಶಗಳಿಂದ ಧನ್ಯವಾದಗಳು ಬರುತ್ತವೆ. ಅವನ್ನು ಓದಿ ಉತ್ತರ ಬರೆಯುವವಳು ನಾನು. ಅವರೇ ಬರೆಯಲು ಕೂತರೆ ಗುಟ್ಟು ರಟ್ಟಾಗುತ್ತದೆ.

ಗುಟ್ಟೆಂದರೆ ಇಷ್ಟೇ. ಅವರ ಹೆಸರಿನಲ್ಲಿ ಒಂದು ಓಪನ್ ಸೋರ್ಸ್ ಪ್ರೋಗ್ರಾಮ್ ಇದೆ. ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ಪುಕ್ಕಟೆ ಬಳಸಬಹುದು, ತಿದ್ದುಪಡಿ ಕಳಿಸಬಹುದು. ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಸಂದೇಶ ಮುಟ್ಟಿಸುವುದು ಅದರ ಕೆಲಸ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಸಂದೇಶವನ್ನು ಹಿಡಿದಿಟ್ಟುಕೊಂಡು, ಮತ್ತೆ ಸಿಕ್ಕ ಕೂಡಲೆ ತಲುಪಿಸುತ್ತದೆ. ಅದರ ಒಂದೊಂದು ಸಾಲನ್ನೂ ಬರೆದವಳು ನಾನು, ಕಾಚಿಗೂಡದ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು.

ಕಲಬುರಗಿಯಲ್ಲಿ ಕಂಪ್ಯೂಟರ್ ಓದಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು ನಾನು. ಇವರು ಆಗ ಪಟಾನ್‌ಚೆರುವಿನ ಒಂದು ಔಷಧಿ ಫ್ಯಾಕ್ಟರಿಯ ಕಂಪ್ಯೂಟರ್ ಕೋಣೆಯಲ್ಲಿದ್ದರು. ಕೆಟ್ಟ ಪ್ರಿಂಟರ್ ಸರಿಮಾಡುವುದು, ಮರೆತ ಪಾಸ್‌ವರ್ಡ್ ಬದಲಿಸಿಕೊಡುವುದು ಇವರ ಕೆಲಸ. ಗೇಟಿನೊಳಗೆ ಸ್ವಂತ ಲ್ಯಾಪ್‌ಟಾಪ್ ಬಿಡುತ್ತಿರಲಿಲ್ಲವಾದ್ದರಿಂದ ಇವರ ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತಿತ್ತು. ಇವರು ಬಸ್ ಹತ್ತಿದ ಮೇಲೆ, ಅಡುಗೆ ಮುಗಿಸಿ, ಮಧ್ಯಾಹ್ನಗಳಲ್ಲಿ ನಾನು ಅದನ್ನು ತೆರೆಯುತ್ತಿದ್ದೆ.

ಬರೆದದ್ದನ್ನು ಉಳಿಸಿಡುವಾಗ ಪ್ರತಿ ಸಲವೂ ಬರೆದವರ ಹೆಸರು ಅದಕ್ಕೆ ಅಂಟುತ್ತದೆ. ಆ ಲ್ಯಾಪ್‌ಟಾಪಿನಲ್ಲಿ ಇವರ ಹೆಸರು ಮೊದಲೇ ಇತ್ತು. ಯಾವಾಗಲೋ ಪ್ರೋಗ್ರಾಮಿಂಗ್ ಕಲಿಯುತ್ತೇನೆಂದು ಹೊರಟು, ಹೆಸರು ಹಾಕಿ, ಅಷ್ಟಕ್ಕೇ ಬಿಟ್ಟಿದ್ದರು. ಬದಲಿಸಲು ಒಂದೇ ಸಾಲು ಟೈಪ್ ಮಾಡಿದರೆ ಸಾಕಿತ್ತು. ನನಗದು ಹೊಳೆಯಲೇ ಇಲ್ಲ. ಬಾಡಿಗೆ ಕರಾರು ಇವರ ಹೆಸರಲ್ಲಿ, ಗ್ಯಾಸ್ ಇವರ ಹೆಸರಲ್ಲಿ, ಬಾಗಿಲ ಮೇಲಿನ ಫಲಕ ಇವರ ಹೆಸರಲ್ಲಿ. ಇದೊಂದಕ್ಕೆ ಬೇರೆ ಯಾಕೆ? ಅಲ್ಲದೆ ನನ್ನದು ಅಂತ ಹಾಕುವುದಾದರೂ ಯಾವ ಹೆಸರು? ನಮ್ಮ ಕಡೆ ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರಡಿ, ಉಂಗುರದಿಂದ ಅದರೊಳಗೆ ಮದುಮಗಳ ಹೊಸ ಹೆಸರನ್ನು ಗಂಡ ಬರೆಯುತ್ತಾನೆ. ಅಂದಿನಿಂದ ಅದೇ ಹೆಸರು. ಹುಟ್ಟಿದಾಗ ಇಟ್ಟದ್ದು ಡಿಗ್ರಿ ಸರ್ಟಿಫಿಕೇಟಿನಲ್ಲಿ ಮಡಚಿಕೊಂಡು ಕೂತಿತ್ತು.

ನಾನು ಬಳಸಿದ್ದು ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಹುಟ್ಟಿದ ಒಂದು ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಕೆಲಸವನ್ನು ಸಾವಿರಾರು ಪುಟ್ಟ ಪುಟ್ಟ ಪಾಲು ಮಾಡಿ, ಎಲ್ಲವನ್ನೂ ಒಟ್ಟೊಟ್ಟಿಗೆ ನಡೆಸಬಹುದು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಏನು ಬೇಕಿದ್ದರೂ ಸಂದೇಶ ಕಳಿಸಿ ಕೇಳಬೇಕು. ಒಂದು ಪಾಲು ಕುಸಿದರೆ, ಅದನ್ನು ನೋಡಿಕೊಳ್ಳಲೆಂದೇ ಇರುವ ಇನ್ನೊಂದು ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ನಮ್ಮ ಮನೆಯಲ್ಲಿ ಎಂದೂ ಕಾಣದ ಶಿಸ್ತು ಅದು, ನನಗೆ ಅದರ ಹುಚ್ಚು ಹಿಡಿದಿತ್ತು.

ಅತ್ತೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದಕ್ಕ ಯಾರರ ಪಗಾರ ಕೊಡ್ತಾರೇನವಾ?"

"ಇಲ್ರಿ ಅತ್ತಿ, ಇದು ಎಲ್ಲಾರಿಗೂ ಪುಕ್ಕಟೆ."

"ಪುಕ್ಕಟೆ ಕೆಲಸಾ ಮಾಡಾಕ ನಮ್ಮ ಮನ್ಯಾಗ ಕಡಿಮಿ ಐತೇನು?" ಎಂದು ಜೋಳದ ಮೊರ ನನ್ನ ಪಕ್ಕಕ್ಕಿಟ್ಟು ಹೋಗುತ್ತಿದ್ದರು.

ಬರೆದದ್ದನ್ನು ಇಂಟರ್ನೆಟ್ಟಿಗೆ ಹಾಕಿದ ಮೇಲೆ ಜನ ಅದನ್ನು ಬಳಸತೊಡಗಿದರು. ಯುರೋಪಿನ ಯಾವುದೋ ಸಣ್ಣ ಊರಿನ ಒಬ್ಬ ಎಂಜಿನಿಯರ್ ಮೊದಲು ತಪ್ಪು ತೋರಿಸಿದ, ಆಮೇಲೆ ಜಗಳಾಡಿದ, ಆಮೇಲೆ ಗೆಳೆಯನಾದ. ಒಂದೇ ಸಂದೇಶ ಎರಡು ಸಲ ಮುಟ್ಟುವ ತೊಡಕನ್ನು ನಾವಿಬ್ಬರೂ ಒಂದಿಡೀ ಬೇಸಿಗೆ ಬಿಡಿಸಿದೆವು. 'ಕಾಲೇಜಿನಲ್ಲಿ ಕಲಿಯದ್ದನ್ನು ನಿಮ್ಮಿಂದ ಕಲಿತೆ, ನಿಮ್ಮ ಒಂದು ಸಾಲು ನೋಡಿದರೂ ಅದು ನಿಮ್ಮದೇ ಎಂದು ಹೇಳಬಲ್ಲೆ' ಎಂದು ಬರೆದ. ಅವತ್ತು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವನು ಬರೆದದ್ದು ಇವರಿಗೆ ಎಂಬುದು ರಾತ್ರಿ ಊಟಕ್ಕೆ ಬಡಿಸುವಾಗ ನೆನಪಾಯಿತು.

ಒಂದು ದಿನ ಮಾಧಾಪುರದ ಕಡೆಯ ಒಂದು ದೊಡ್ಡ ಕಂಪನಿ ಇವರನ್ನೇ ಹುಡುಕಿಕೊಂಡು ಬಂತು. ಸಂದರ್ಶನಕ್ಕೆ ಹೋಗುವ ಮುನ್ನ ಏನು ಕೇಳಿದರೆ ಏನು ಹೇಳಬೇಕೆಂದು ವಾರವಿಡೀ ಬಾಯಿಪಾಠ ಮಾಡಿಸಿದೆ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎನ್ನುತ್ತಾರೆ. ಇವರಿಗೆ ಬಂತು. ಸಂಜೆ ಪೇಢೆ ಹಿಡಿದುಕೊಂಡೇ ಬಂದರು.

"ನಾ ಖರೇನ ಹೇಳಿದೆ. ಇದು ನನ್ನ ಹೆಂಡತಿ ಮಾಡಿದ್ದು ಅಂದೆ. ಎಲ್ಲಾರೂ ನಕ್ಕರು. ಇಷ್ಟು ಜಂಬ ಇಲ್ಲದ ಮನಶಾನ ನೋಡಿಲ್ಲ ಅಂದ್ರು!"

ನಾನೂ ನಕ್ಕೆ. ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿಯಾದರೂ ಇರುತ್ತಿತ್ತು. ಅಲ್ಲಿ ಇವರು ಪ್ರೋಗ್ರಾಮ್ ಬರೆಯುವಂತೆಯೇ ಇರಲಿಲ್ಲ, ಬರೆಯುವ ಹುಡುಗರ ಮೇಲ್ವಿಚಾರಣೆ ಮಾಡಿದರೆ ಸಾಕು. ನಾವು ಕಾಚಿಗೂಡ ಬಿಟ್ಟು ಮಿಯಾಪುರದ ಫ್ಲ್ಯಾಟಿಗೆ ಬಂದೆವು. ಬಾಗಿಲಿಗೆ ಹೊಸ ಫಲಕ ಬಂತು.

ಅತ್ತೆಯವರು ತೀರಿಕೊಂಡ ಮೇಲೆ, ಮನೆ ಬಿಕೋ ಎನ್ನತೊಡಗಿದಾಗ, ನನಗೂ ನೌಕರಿ ಬೇಕೆನಿಸಿತು. ಇಷ್ಟು ವರ್ಷ ಏನು ಮಾಡಿದಿರಿ ಎಂದು ಎಲ್ಲರೂ ಕೇಳುವವರೇ. ತೋರಿಸಲು ನನ್ನ ಬಳಿ ಇದ್ದದ್ದು ಅದೊಂದೇ. ಒಂದು ಕಂಪನಿಯಲ್ಲಿ ಧೈರ್ಯ ಮಾಡಿ, ಹೆಸರು ಗಂಡನದಾದರೂ ಬರೆದವಳು ನಾನು ಎಂದು ಹೇಳಿಯೇಬಿಟ್ಟೆ. ಎದುರಿಗಿದ್ದಾತ ಲ್ಯಾಪ್‌ಟಾಪ್ ತೆರೆದು ಹೆಸರು ನೋಡಿದ, ನನ್ನ ಮುಖ ನೋಡಿದ. ಪರೀಕ್ಷಿಸಲೆಂದು ಕೆದಕಿ ಕೆದಕಿ ಕೇಳಿದ. ಯಾವ ಸಾಲು ಯಾಕಿದೆ, ಅದನ್ನು ತೆಗೆದರೆ ಏನು ಮುರಿಯುತ್ತದೆ, ಎಲ್ಲ ಹೇಳಿದೆ. ಬಾಯಿ ಬಿಟ್ಟುಕೊಂಡು ಆಲಿಸಿದ. ಕೊನೆಗೆ ಮೆಚ್ಚಿಕೊಂಡು, ತೆಲುಗಿನಲ್ಲಿ, "ಮೀ ವಾರು ಬಾಗಾ ನೇರ್ಪಿಂಚಾರಂಡಿ" ಎಂದ. ನಿಮ್ಮ ಯಜಮಾನರು ಚೆನ್ನಾಗಿ ಕಲಿಸಿದ್ದಾರೆ ಅಂತ. ನೌಕರಿ ಕೊಡಲಿಲ್ಲ.

ಮನೆಗೆ ಬಂದವಳೇ ಇವರನ್ನು ಕೇಳಿದೆ.

"ಇದು ನಾ ಬರದದ್ದು ಅಂತ ನೀವ ಎಲ್ಲಾರ ಮುಂದ ಒಂದು ಮಾತು ಬರೀರಿ."

"ಈಗ ಬರದ್ರ ನನ್ನ ನೌಕರಿ ಉಳಿತೈತೇನ? ಇಷ್ಟು ದಿನಾ ಸುಳ್ಳು ಹೇಳ್ಯಾನ ಅಂತಾರ."

"ಮತ್ತ ನನ್ನ ಗತಿ?"

"ಅಲ್ಲಾ, ಗಂಡ ಹೆಂಡತಿ ಒಳಗ ನಿಂದು ನಂದು ಅಂತ ಬ್ಯಾರೆ ಐತೇನ?"

"ಬ್ಯಾರೆ ಇಲ್ಲಂದ್ರ ನನ್ನ ಹೆಸರ ಹಾಕ್ರಿ. ಏನ ಫರಕ್ ಬೀಳ್ತೈತಿ?"

ಇವರು ಟಿವಿಯ ಸದ್ದು ಹೆಚ್ಚು ಮಾಡಿದರು.

ಹಳೆಯ ದಾಖಲೆಗಳಲ್ಲೆಲ್ಲ ಹೆಸರು ತಿದ್ದುವ ದಾರಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ದಾಖಲೆಗಳವು. ಮೊದಲನೆಯದನ್ನು ಮುಟ್ಟಿದರೆ ಕೊನೆಯವರೆಗೆ ಎಲ್ಲವೂ ಬದಲಾಗಿ, ಅದನ್ನು ನಂಬಿ ಪ್ರತಿ ಇಟ್ಟುಕೊಂಡವರೆಲ್ಲ ತೊಂದರೆಗೆ ಬೀಳುತ್ತಾರೆ. ನನ್ನ ಮನೆಯ ಜಗಳಕ್ಕೆ ಅವರೇನು ಮಾಡಿಯಾರು?

ಹೋದ ಮಳೆಗಾಲದಲ್ಲಿ ಆ ಹಳೆಯ ತೊಡಕು ಇನ್ನೊಂದು ರೂಪದಲ್ಲಿ ಬಂತು. ಹೊಸ ಮೊಬೈಲುಗಳಲ್ಲಿ ಸಂದೇಶಗಳು ಮತ್ತೆ ಎರಡೆರಡು ಸಲ ಮುಟ್ಟತೊಡಗಿದವು. ದೂರುಗಳ ಸಾಲು ಬೆಳೆಯಿತು. "ಸ್ವಲ್ಪ ನೋಡ ಇದನ್ನ," ಎಂದರು ಇವರು, ಫ್ಯಾನ್ ಕೆಟ್ಟಿದೆ ಎನ್ನುವ ಹಾಗೆ. ನೋಡಿದೆ. ಸರಿಮಾಡಿದೆ. ಆದರೆ ಈ ಸಲ ಇವರ ಹೆಸರಿನಿಂದ ಹಾಕಲಿಲ್ಲ. ಡಿಗ್ರಿ ಸರ್ಟಿಫಿಕೇಟಿನಲ್ಲಿರುವ ಹೆಸರಿನಲ್ಲಿ ಹೊಸ ಖಾತೆ ತೆರೆದು, ಹೊರಗಿನವರು ಕಳಿಸುವಂತೆ ಕಳಿಸಿದೆ. ಹೊರಗಿನವರು ಕಳಿಸಿದ್ದನ್ನು ಯಜಮಾನನಾದವನು ನೋಡಿ ಒಪ್ಪಬೇಕು. ಇವರು ಒಪ್ಪಲಿ, ಒಂದು ಕಡೆಯಾದರೂ ನನ್ನ ಹೆಸರು ಕೂರಲಿ ಎಂಬ ಆಸೆ.

ಕಳಿಸಿದ ಮರುಗಳಿಗೆಯೇ ಉತ್ತರ ಬಂತು. 'ಸ್ವಾಗತ! ಇದು ಈ ಯೋಜನೆಗೆ ನಿಮ್ಮ ಮೊದಲ ಕೊಡುಗೆ. ಹೆದರಬೇಡಿ, ತಿಳಿಯದಿದ್ದರೆ ಕೇಳಿ, ಇಲ್ಲಿ ಎಲ್ಲರೂ ಒಂದು ದಿನ ಹೊಸಬರೇ ಆಗಿದ್ದರು.' ಕೆಳಗೆ ಇವರ ಹೆಸರು. ಹೊಸಬರು ಅಂಜದಿರಲಿ ಎಂದು, ತಾನಾಗಿಯೇ ಹೋಗುವಂತೆ ಕಾಚಿಗೂಡದಲ್ಲಿ ಆ ಮಾತುಗಳನ್ನು ಬರೆದಿಟ್ಟವಳೂ ನಾನೇ.

ಸ್ವಲ್ಪ ಹೊತ್ತಿನ ಮೇಲೆ ಯುರೋಪಿನ ಗೆಳೆಯನ ಉತ್ತರ ಬಂತು. ನನ್ನನ್ನು ಗುರುತು ಹಿಡಿಯುವುದಿದ್ದರೆ ಇವನೊಬ್ಬನೇ ಎಂದುಕೊಂಡು ಓದಿದೆ. 'ಸರಿಯಿರುವಂತೆ ಕಾಣುತ್ತದೆ. ಆದರೆ ಈ ಭಾಗ ಬಹಳ ನಾಜೂಕು. ಇದರ ಒಳಹೊರಗು ಬಲ್ಲವರು ಅವರೊಬ್ಬರೇ. ಅವರು ನೋಡುವ ತನಕ ದಯವಿಟ್ಟು ತಾಳಿ' ಎಂದಿದ್ದ.

ತಾಳಿದೆ. ಬೆಳಿಗ್ಗೆ ಚಹಾದ ಜೊತೆ ಲ್ಯಾಪ್‌ಟಾಪನ್ನು ಇವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ನನ್ನ ಹಳೆಯ ಹೆಸರಿನ ಮೇಲೂ ಕಣ್ಣು ಹಾಯಿಸಿದರು.

"ಛಲೋ ಐತಿ. ಎಲ್ಲಿ ಒತ್ತಬೇಕು?"

ಹಸಿರು ಗುಂಡಿಯನ್ನು ಬೆರಳಿಟ್ಟು ತೋರಿಸಿದೆ. ಒತ್ತಿ, ಕಂಪನಿಯ ಕ್ಯಾಬ್ ಬಂತೆಂದು ಹೊರಟುಹೋದರು.

ಸಂಜೆ ಗೆಳೆಯ ಇವರಿಗೆ ಬರೆದಿದ್ದ: 'ನಿಮ್ಮ ಹೊಸ ಹುಡುಗಿಯ ಕೆಲಸ ನೋಡಿದೆ. ಸಾಲು ಸಾಲಿನಲ್ಲೂ ನಿಮ್ಮ ಕೈಗುರುತು ಇದೆ. ಎಷ್ಟು ಚೆನ್ನಾಗಿ ಕಲಿಸಿದ್ದೀರಿ!'

ಅದಕ್ಕೆ ಧನ್ಯವಾದ ಬರೆಯುವ ಕೆಲಸ ಎಂದಿನಂತೆ ನನ್ನದು. ಇನ್ನೂ ಬರೆದಿಲ್ಲ.