ವಿಮಾನ ಹತ್ತದ ಕೊಬ್ಬರಿ

ತುಮಕೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೋದವರನ್ನು ನೀವು ನೋಡಿರಲಿಕ್ಕಿಲ್ಲ. ಹುಬ್ಬಳ್ಳಿ ರೈಲು ನಮ್ಮೂರ ಸ್ಟೇಷನ್ನಿನಲ್ಲೇ ನಿಲ್ಲುತ್ತದೆ. ಹತ್ತಿ ಕೂತು ಒಂದು ನಿದ್ದೆ ತೆಗೆದು, ಎರಡು ಸಲ ಕಾಫಿ ಕುಡಿದರೆ ಊರು ಬಂತು. ವಿಮಾನಕ್ಕಾದರೆ ಊರಂಚಿನ ಬಟವಾಡಿ ಸ್ಟಾಪಿನಲ್ಲಿ ಬಸ್ಸು ಹತ್ತಿ, ಹುಬ್ಬಳ್ಳಿಗೆ ಬೆನ್ನು ಹಾಕಿ ಬೆಂಗಳೂರಿಗೆ ಹೋಗಬೇಕು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಏರ್‌ಪೋರ್ಟು. ಅಲ್ಲಿ ಕಾದು ಕಾದು ಸಾಕಾಗಿ, ಕೊನೆಗೆ ಬಂದ ದಾರಿಗೇ ತಿರುಗಿ ತುಮಕೂರಿನ ತಲೆಯ ಮೇಲೆ ಹಾರಿಕೊಂಡು ಹೋಗಬೇಕು. ಗುಬ್ಬಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ನಾನು ಫೋನಿನಲ್ಲಿ ಟಿಕೆಟ್ ಮಾಡುತ್ತಿದ್ದಾಗ ಗಣಿತದ ಮೇಷ್ಟ್ರು ಬಗ್ಗಿ ನೋಡಿದರು.

"ಮೇಡಂ, ಮನೆಯಿಂದ ಮನೆಗೆ ಲೆಕ್ಕ ಹಾಕಿದ್ರೆ ರೈಲೇ ಬೇಗ ಹೋಗುತ್ತೆ," ಎಂದರು.

"ಹೋಗ್ಲಿ ಬಿಡಿ ಸಾರ್. ರೈಲು ಬೇಗ ಹೋಗ್ಲಿ, ನಾನು ಮೇಲೆ ಹೋಗ್ತೀನಿ," ಎಂದೆ.

ಅವರಿಗೆ ಪೂರ್ತಿ ವಿಷಯ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ನನ್ನ ಒಬ್ಬಳೇ ಮಗಳಿಗೆ ಏಳು ತಿಂಗಳಾಗಿತ್ತು. ಡಾಕ್ಟರು ಓಡಾಡಬೇಡ ಎಂದಿದ್ದರಿಂದ ಸೀಮಂತ ಹುಬ್ಬಳ್ಳಿಯ ಅವಳ ಗಂಡನ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ತವರಿನವರು ಹೋಗಿ ಮಡಿಲು ತುಂಬಬೇಕು: ಅಕ್ಕಿ, ಬೆಲ್ಲದ ಅಚ್ಚು, ಅರಿಸಿನದ ಕೊಂಬು, ರವಿಕೆ ಕಣ, ಬಳೆ, ಇವುಗಳ ಜೊತೆ ಐದು ಉಂಡೆ ಕೊಬ್ಬರಿ. ತವರು ಅಂದರೆ ನಾನೇ. ಆದರೆ ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ತುಮಕೂರು ಪಕ್ಕದ ಸತ್ಯಮಂಗಲದ ಸಣ್ಣದೊಂದು ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದವರು, ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮುಂಚೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಗಂಡನಿಲ್ಲದವಳು ಮಡಿಲು ತುಂಬುವ ಹಾಗಿಲ್ಲ ಎನ್ನುವುದು ನಮ್ಮವರ ಪದ್ಧತಿ.

ಹಾಗೆಂದು ನನ್ನ ಮುಖಕ್ಕೆ ಹೇಳಿದವರು ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಕುಣಿಗಲ್ಲಿನವರು. ಕೆಟ್ಟವರಲ್ಲ, ಕಷ್ಟದಲ್ಲಿ ನನ್ನ ಮನೆಯಲ್ಲಿ ಹದಿನೈದು ದಿನ ನಿಂತು ಅಡುಗೆ ಮಾಡಿ ಹಾಕಿದವರು. ಆದರೆ ಪದ್ಧತಿಯ ವಿಷಯಕ್ಕೆ ಬಂದರೆ ಅವರ ಕತ್ತು ಅಲ್ಲಾಡುವುದಿಲ್ಲ.

"ಮಡಿಲು ನಾನು ತುಂಬ್ತೀನಿ ಬುಡು," ಎಂದರು. "ನಾವು ಹಿಂದಿನ ದಿನವೇ ರೈಲಲ್ಲಿ ಹೋಗ್ತೀವಿ. ನಿಂಗೆ ಹೆಂಗೂ ಪರೀಕ್ಷೆ ಡ್ಯೂಟಿ. ಸಾಮಾನು ಕಟ್ಟಿ ನನ್ ಕೈಗೆ ಕೊಡು. ನೀನು ಮಗು ಹುಟ್ಟಿದ್ ಮೇಲೆ ಹೋಗಿ ನೋಡ್ಕಂಡ್ ಬಾ."

"ನಾನೂ ಬರ್ತೀನಿ ಅಕ್ಕ. ಸಾಮಾನು ನಾನೇ ತರ್ತೀನಿ."

"ಬಂದ್ರೆ ಬಾ. ಆ ಹೊತ್ತಿಗೆ ಒಳಗೆ ರೂಮಲ್ಲಿ ಕೂತಿರು. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನಿನ್ ಮನಸ್ಸಿಗೇ ಚುಚ್ಚುತ್ತೆ ಕಣೇ."

ಆ ಕೊನೆಯ ಮಾತು ನನಗೆ ನಿಜವಾಗಿಯೂ ಚುಚ್ಚಿತು. ನನ್ನ ಕೈ ತಾಗಿದರೆ ನನ್ನ ಮಗಳಿಗೇ ಹೆಚ್ಚುಕಮ್ಮಿ ಆಗುತ್ತದೆಯೇ? ಅವಳಿಗೆ ಎಣ್ಣೆ ಹಚ್ಚಿದ್ದು, ಜ್ವರದಲ್ಲಿ ಹಣೆ ಒತ್ತಿದ್ದು, ಅಕ್ಷರ ತಿದ್ದಿಸಿದ್ದು ಇದೇ ಕೈ. ಗಂಡ ಸತ್ತ ದಿನ ಆ ಕೈಗೆ ಏನೂ ಆಗಲಿಲ್ಲ. ಪರೀಕ್ಷೆ ಡ್ಯೂಟಿ ಮುಗಿಸಿ ಸಂಜೆಯ ಮೇಲೆ ಹೊರಡುವ ರೈಲೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಳಗೆ ರೂಮಿನಲ್ಲಿ ಕೂತಿರು ಎಂದವರ ಕಣ್ಣೆದುರಿಗೆ ನಾನು ಆಕಾಶದಿಂದ ಇಳಿದು ಬರಬೇಕು ಎಂದು ನನಗೆ ಹಟ ಬಂದಿತ್ತು. ಹೋಗುವುದಕ್ಕೂ ಬರುವುದಕ್ಕೂ ಟಿಕೆಟ್ ಮಾಡಿಬಿಟ್ಟೆ.

ಕೊಬ್ಬರಿ ಗುಬ್ಬಿ ಹತ್ತಿರದ ನಮ್ಮ ಪಾಲಿನ ಹತ್ತಾರು ಮರಗಳದ್ದು. ಉಂಡೆ ಕೊಬ್ಬರಿ ಬಿಸಿಲಿಗೆ ಒಣಗಿಸಿ ಆಗುವಂಥದ್ದಲ್ಲ. ಇಡೀ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಮಗಳ ಮದುವೆಯಾದ ವರ್ಷ ಅಟ್ಟಕ್ಕೆ ಹಾಕಿಸಿದ್ದರಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ಐದನ್ನು ಆರಿಸಿ, ಸಿಪ್ಪೆ ಸುಲಿದು ಚಿಪ್ಪು ಬಿಡಿಸಿದೆ. ಅವುಗಳನ್ನು ಹಸಿರು ರವಿಕೆ ಕಣದಲ್ಲಿ ಗಂಟು ಕಟ್ಟಿ, ಅಕ್ಕಿಯ ಚೀಲದ ಮೇಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ.

ಏರ್‌ಪೋರ್ಟಿನ ಕೌಂಟರಿನಲ್ಲಿ ಕೆಂಪು ಲಿಪ್‌ಸ್ಟಿಕ್ಕಿನ ಹುಡುಗಿಯೊಬ್ಬಳು ಇದ್ದಳು. ನನ್ನ ಬ್ಯಾಗನ್ನು ತೂಕಕ್ಕೆ ಹಾಕಿ, ಬಾಯಿಪಾಠ ಒಪ್ಪಿಸುವ ಹಾಗೆ ಕೇಳಿದಳು. "ಮೇಡಂ, ಬ್ಯಾಗಲ್ಲಿ ಪವರ್ ಬ್ಯಾಂಕ್, ಲೈಟರ್, ಒಣ ಕೊಬ್ಬರಿ ಏನಾದ್ರೂ ಇದ್ಯಾ?"

"ಕೊಬ್ಬರಿ ಇದೆ. ನಮ್ ತೋಟದ್ದೇ," ಎಂದೆ, ಹೆಮ್ಮೆಯಿಂದ.

ನನ್ನ ಬುದ್ಧಿಗೆ ಏನು ಹೇಳಲಿ. ಅವಳು ತನಗೊಂದು ಬೇಕು ಎಂದು ಕೇಳುತ್ತಿದ್ದಾಳೆ ಎನ್ನುವ ಹಾಗೆ ಉತ್ತರ ಕೊಟ್ಟಿದ್ದೆ. ಅವಳು ತಲೆಯಾಡಿಸಿದಳು. "ಕೊಬ್ಬರಿ ಅಲೋ ಇಲ್ಲ ಮೇಡಂ. ಲಗೇಜಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಅದ್ರಲ್ಲಿ ಎಣ್ಣೆ ಇರುತ್ತಲ್ಲ, ಬೆಂಕಿ ಹತ್ಕೊಳ್ಳುತ್ತೆ."

"ಅಲ್ಲಮ್ಮ, ನಮ್ ಕಡೆ ಒಲೆ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಇಡ್ತೀವಿ. ಒಂದ್ ಮನೆನೂ ಸುಟ್ಟಿಲ್ಲ. ನಿಮ್ ವಿಮಾನಕ್ಕೆ ಮಾತ್ರ ಬೆಂಕಿ ಹತ್ತುತ್ತಾ?"

"ರೂಲ್ಸ್ ಮೇಡಂ. ಅಲ್ಲಿ ಡಬ್ಬಿ ಇದೆ, ಹಾಕ್ಬಿಟ್ಟು ಬನ್ನಿ."

ಅವಳು ತೋರಿಸಿದ ಕಡೆ ಆಳೆತ್ತರದ ಗಾಜಿನ ಡಬ್ಬಿಯೊಂದಿತ್ತು. ಒಳಗೆ ಲೈಟರುಗಳು, ಬೆಂಕಿಪೊಟ್ಟಣಗಳು, ಬ್ಯಾಟರಿ ಸೆಲ್ಲುಗಳು, ಅವುಗಳ ನಡುವೆ ಮೂರು ಉಂಡೆ ಕೊಬ್ಬರಿ ಬಿದ್ದಿದ್ದವು. ನಮ್ಮ ಕಡೆಯವರೇ ಯಾರೋ ನನಗಿಂತ ಮೊದಲು ಇದೇ ತಪ್ಪು ಮಾಡಿ ಹೋಗಿದ್ದರು. ಶುಭಕಾರ್ಯಕ್ಕೆಂದು ತಂದದ್ದನ್ನು ಕದ್ದ ಮಾಲಿನ ಹಾಗೆ ಅಲ್ಲಿ ಬೀಳಿಸಿ ಹೋಗುವಾಗ ಅವರಿಗೆ ಹೇಗನ್ನಿಸಿತ್ತೋ. ನನಗೆ ಮೈ ಉರಿದುಹೋಯಿತು. ಅಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಓರಗಿತ್ತಿ ರೈಲಿನಿಂದ ತಮ್ಮದೇ ಕೊಬ್ಬರಿ ಸಮೇತ ಇಳಿದು ಕೂತಿದ್ದಾರೆ. ಕೊಬ್ಬರಿ ಇಲ್ಲದೆ ಬರಿಗೈಯಲ್ಲಿ ಹೋದರೆ ಒಳಗಿನ ರೂಮಿಗೆ ನಾನಾಗಿಯೇ ನಡೆದುಕೊಂಡು ಹೋದ ಹಾಗೆ. ಆದರೂ ಆ ಡಬ್ಬಿಗೆ ಮಾತ್ರ ಹಾಕುವುದಿಲ್ಲ ಎಂದುಕೊಂಡೆ.

ಪಕ್ಕದಲ್ಲಿ ಕೂರುವ ಬೆಂಚಿತ್ತು, ಕಬ್ಬಿಣದ ಕಾಲಿನದು. ಅಲ್ಲಿ ಕೂತು ಗಂಟು ಬಿಚ್ಚಿ, ಮೊದಲನೆಯ ಕೊಬ್ಬರಿಯನ್ನು ಬೆಂಚಿನ ಕಾಲಿಗೆ ಕುಟ್ಟಿದೆ. ಎರಡು ಹೋಳಾಯಿತು. ಎರಡನೆಯದನ್ನೂ ಕುಟ್ಟಿದೆ. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಬಂದೂಕು ಹಿಡಿದ ಪೊಲೀಸಿನವನು ಬಂದು ಏನಿದು ಎಂದು ಹಿಂದಿಯಲ್ಲಿ ಕೇಳಿದ. ನನ್ನ ಶಾಲೆಯ ಹಿಂದಿಯಲ್ಲಿ, ಮಗಳ ಸೀಮಂತ, ತಿನ್ನಿ, ಎಂದು ಒಂದು ಹೋಳು ಕೈಗೆ ಇಟ್ಟೆ. ಅವನು ಆ ಕಡೆ ಈ ಕಡೆ ನೋಡಿ, ಬಾಯಿಗೆ ಹಾಕಿಕೊಂಡು ಹೊರಟುಹೋದ. ಆಮೇಲೆ ಇನ್ನೆರಡು ಕೊಬ್ಬರಿಯನ್ನೂ ಬೆಲ್ಲದ ಅಚ್ಚೊಂದನ್ನೂ ಒಡೆದು, ಕ್ಯೂನಲ್ಲಿದ್ದ ಎಲ್ಲರಿಗೂ ಕೊಬ್ಬರಿ ಬೆಲ್ಲ ಹಂಚಿದೆ. ಲ್ಯಾಪ್‌ಟಾಪ್ ಬ್ಯಾಗಿನವರು, ಮಗು ಎತ್ತಿಕೊಂಡವರು, ಎಲ್ಲರೂ ತೆಗೆದುಕೊಂಡರು. ಕೌಂಟರಿನ ಹುಡುಗಿ ಡ್ಯೂಟಿಯಲ್ಲಿ ತಿನ್ನೋ ಹಾಗಿಲ್ಲ ಎಂದು, ಟಿಶ್ಯೂ ಕಾಗದದಲ್ಲಿ ಸುತ್ತಿ ಇಟ್ಟುಕೊಂಡಳು.

ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ಚೂರುಗಳನ್ನು ಗುಡಿಸಲು ಬಂದರು. ನನ್ನ ವಯಸ್ಸಿನವರೇ. ಮಗಳ ಸೀಮಂತದ್ದು ಎಂದು ಅವರಿಗೆ ಕೊನೆಯ ಕೊಬ್ಬರಿಯನ್ನು ಇಡಿಯಾಗಿ ಕೊಟ್ಟೆ. ಅವರು ನನ್ನ ಕಾಲ ಬೆರಳು ನೋಡಿದರು. ಕಾಲುಂಗುರ ಇರಲಿಲ್ಲ.

"ಮಡಿಲು ಯಾರ್ ತುಂಬ್ತಾರಮ್ಮ?" ಎಂದರು.

"ನಾನೇ."

ಒರೆಸುವ ಕೋಲನ್ನು ನೆಟ್ಟಗೆ ಹಿಡಿದು ನಿಂತರು. "ತುಂಬಿ," ಎಂದರು. "ನನ್ ಮಗಳಿಗೆ ತುಂಬೋವಾಗ ನಾನು ಬಾಗ್ಲು ಹಿಂದೆ ನಿಂತಿದ್ದೆ. ಅವಳು ಹುಡುಕ್ತಾ ಇದ್ಲು, ಕಾಣಿಸ್ತಿತ್ತು ನಂಗೆ." ಅಷ್ಟು ಹೇಳಿ ಅವರು ಮುಂದಿನ ಸಾಲು ಒರೆಸಲು ಹೋದರು.

ವಿಮಾನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಿಟಕಿ ಸೀಟಿಗೆ ಬೇರೆ ದುಡ್ಡು ಎಂದಿದ್ದಕ್ಕೆ ಬೇಡ ಎಂದಿದ್ದೆ, ನಡುವಿನ ಸೀಟು ಸಿಕ್ಕಿತ್ತು. ಮಂಡಿ ಮುಂದಿನ ಸೀಟಿಗೆ ತಾಗುತ್ತಿತ್ತು. ನಮ್ಮ ಸಿಟಿ ಬಸ್ಸಿನಲ್ಲೇ ಇದಕ್ಕಿಂತ ಜಾಗ ಇರುತ್ತದೆ. ಕುಡಿಯುವ ನೀರಿಗೂ ದುಡ್ಡು ಕೇಳುವ ತಳ್ಳುಗಾಡಿಯನ್ನು ನೋಡಿ, ಏರ್‌ಪೋರ್ಟಿನ ನಲ್ಲಿಯಲ್ಲಿ ತುಂಬಿಸಿಕೊಂಡಿದ್ದ ನನ್ನ ಸ್ಟೀಲ್ ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಕುಡಿದೆ. ಕಿಟಕಿಯ ಬಳಿ ಕೂತವರು ಪರದೆ ಎಳೆದು ಕಣ್ಣು ಮುಚ್ಚಿದ್ದರು. ಭುಜ ತಟ್ಟಿ, "ನಮ್ಮೂರು ಬರುತ್ತೆ, ಸ್ವಲ್ಪ ಪರದೆ ತೆಗೀರಿ," ಎಂದೆ. ಪಾಪ, ತೆಗೆದರು. ಅವರ ಎದೆಯ ಮೇಲೆ ಬಗ್ಗಿ ನೋಡಿದೆ. ಒಂದು ಕೆರೆ, ಅದರ ಪಕ್ಕ ಕಪ್ಪು ಹಸಿರು ತೋಟಗಳು ಹೆಣೆದ ಚಾಪೆಯ ಹಾಗೆ ಕಂಡವು. ಗುಬ್ಬಿ ಕೆರೆಯೋ ಬೇರೆ ಯಾವುದೋ, ನನಗೆ ಗೊತ್ತಿಲ್ಲ. ಗುಬ್ಬಿ ಎಂದುಕೊಂಡೆ. ಒಂದು ಗಂಟೆಯೊಳಗೆ ಇಳಿದೇಬಿಟ್ಟೆವು.

ನಾನು ಮನೆ ಸೇರಿದಾಗ ಹಸೆಮಣೆ ಹಾಕಿ ಆಗಿತ್ತು. ಹಸಿರು ಸೀರೆ, ಹಸಿರು ಬಳೆಯಲ್ಲಿ ಮಗಳು ಕೂತಿದ್ದಳು. ಪಕ್ಕದಲ್ಲಿ ಓರಗಿತ್ತಿ ತಟ್ಟೆ ಜೋಡಿಸಿಕೊಂಡು ತಯಾರಾಗಿದ್ದರು. ನನ್ನನ್ನು ನೋಡಿ, ನನ್ನ ಚೀಲ ನೋಡಿದರು.

"ಕೊಬ್ಬರಿ ಎಲ್ಲೇ?"

"ಏರ್‌ಪೋರ್ಟಲ್ಲಿ ಬಿಡ್ಲಿಲ್ಲ ಅಕ್ಕ. ಹಂಚ್ಬಿಟ್ಟೆ."

ನೆಂಟರಲ್ಲಿ ಒಂದಿಬ್ಬರು ನಕ್ಕರು. ಓರಗಿತ್ತಿ ನಗಲಿಲ್ಲ. "ನೋಡ್ದಾ, ಇದೂ ಒಂದ್ ಸೂಚನೆನೇ. ನನ್ ಹತ್ರ ಐದೂ ಇದಾವೆ. ಹೊತ್ತಾಯ್ತು, ನೀನು ಒಳಗೋಗು."

ನಾನು ಮಗಳ ಅತ್ತೆಯ ಮುಖ ನೋಡಿದೆ. ಅವರು ಹುಬ್ಬಳ್ಳಿಯವರು, ಮೆತ್ತನೆಯ ಮನುಷ್ಯರು. "ನಿಮ್ ಕಡೆ ಹೆಂಗ್ ಪದ್ಧತಿ ಐತಿ ಹಂಗ್ ಮಾಡ್ರಿ. ನಾವ್ ನಡಕ್ ಮಾತಾಡಂಗಿಲ್ಲ," ಎಂದರು. ಅಂದರೆ ತೀರ್ಮಾನ ನನ್ನ ತಲೆಗೇ ಬಂತು. ನನಗೂ ಹೆದರಿಕೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೆಚ್ಚುಕಮ್ಮಿ ಆದರೆ ಎಂಬ ಮಾತು ಬಸ್ಸಿನಲ್ಲೂ ವಿಮಾನದಲ್ಲೂ ನನ್ನ ಪಕ್ಕದಲ್ಲೇ ಕೂತು ಬಂದಿತ್ತು. ಆ ಹೊತ್ತಿಗೆ ಮಗಳು ತಲೆಯೆತ್ತಿ ಅತ್ತಿತ್ತ ನೋಡಿದಳು. ನನ್ನನ್ನೇ ಹುಡುಕುತ್ತಿದ್ದಳು. ಕೋಲು ಹಿಡಿದು ನಿಂತ ಆ ಹೆಂಗಸು ನೆನಪಾದರು.

ಕೈಕಾಲು ತೊಳೆದುಕೊಂಡು ಬಂದು ಮಗಳ ಮುಂದೆ ಕೂತೆ. "ಅಕ್ಕ, ಮೊದ್ಲು ನಾನು ಅಕ್ಕಿ ಹಾಕ್ತೀನಿ. ಆಮೇಲೆ ನೀವು ಕೊಬ್ಬರಿ ಹಾಕಿ," ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಸೆರಗನ್ನು ನನ್ನ ಕಡೆಗೇ ಒಡ್ಡಿದಳು. "ಹಾಕಮ್ಮ, ಬೆನ್ನು ನೋಯ್ತಿದೆ," ಎಂದಳು. ನಾನು ಐದು ಹಿಡಿ ಅಕ್ಕಿ ಹಾಕಿದೆ. ಒಂದು ಕಾಳೂ ಹೊರಗೆ ಬೀಳಲಿಲ್ಲ. ಮೇಲೆ ಅರಿಸಿನ, ಬೆಲ್ಲ, ಬಳೆ ಇಟ್ಟೆ. ಓರಗಿತ್ತಿ ತಟ್ಟೆ ಎತ್ತಿಕೊಂಡು ಬಂದು ಕೊಬ್ಬರಿ ಇಟ್ಟರು. ನಾಲ್ಕು ಇಟ್ಟರು. ಐದನೆಯದು ಕೈಯಲ್ಲೇ ಇತ್ತು.

ಮಡಿಲು ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿಯನ್ನು ತವರಿಗೆ ಎಂದು ವಾಪಸ್ ಕೊಡಬೇಕು. ಮಗಳು ಹಿಡಿ ಅಕ್ಕಿ ತೆಗೆದು, "ಸೆರಗು ಒಡ್ಡಮ್ಮ," ಎಂದಳು. ಒಡ್ಡಿದೆ. ನಾಲ್ಕು ವರ್ಷದಿಂದ ನನ್ನ ಸೆರಗಿಗೆ ಯಾರೂ ಏನೂ ಹಾಕಿರಲಿಲ್ಲ. ಅರಿಸಿನ ಕುಂಕುಮದ ತಟ್ಟೆ ಬಂದಾಗ ಅದು ನನ್ನ ಪಕ್ಕದವರಿಂದ ನನ್ನನ್ನು ದಾಟಿ ಮುಂದಿನವರಿಗೆ ಹೋಗುತ್ತಿತ್ತು. ನನಗೆ ಅಳು ಬಂತು. ತಡೆಯಲಿಲ್ಲ.

ಓರಗಿತ್ತಿ ಬಂದು ಆ ಐದನೆಯ ಕೊಬ್ಬರಿಯನ್ನು ನನ್ನ ಸೆರಗಿನ ಅಕ್ಕಿಯ ಮೇಲೆ ಇಟ್ಟರು. ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು. "ತಗಾ. ನಿಂದೆಲ್ಲಾ ಏರೋಪ್ಲೇನ್‌ನೋರಿಗೆ ಹಂಚ್ಬಿಟ್ಟು ಬಂದಿದೀಯ. ಅವಳಿಗೆ ನಿನ್ ಅಕ್ಕಿ ಸೇರಿ ಐದಾಯ್ತು ಬುಡು," ಎಂದರು.

ಮಾರನೆಯ ದಿನ ನನ್ನ ವಾಪಸ್ ವಿಮಾನವಿತ್ತು. ಬೆಳಿಗ್ಗೆ ಚೀಲ ಕಟ್ಟುವಾಗ ಆ ಕೊಬ್ಬರಿ ಕೈಗೆ ಬಂತು. ಅಳಿಯ ಫೋನು ನೋಡಿ, ಇಂಥ ಟಿಕೆಟ್ಟು ಬಿಟ್ಟರೆ ನಯಾಪೈಸೆ ವಾಪಸ್ ಬರುವುದಿಲ್ಲ ಎಂದರು. ಬರದಿದ್ದರೆ ಬೇಡ ಎಂದೆ. ಮಧ್ಯಾಹ್ನದ ರೈಲಿಗೆ ಓರಗಿತ್ತಿಯ ಜೊತೆ ಹೊರಟೆ. ಕಿಟಕಿಯ ಸೀಟು ನನ್ನದು, ಕೊಬ್ಬರಿ ನನ್ನ ಮಡಿಲಲ್ಲಿತ್ತು. ಅದನ್ನು ಗಾಜಿನ ಡಬ್ಬಿಗೆ ಹಾಕು ಎಂದು ಹೇಳುವವರು ತುಮಕೂರಿನವರೆಗೂ ಯಾರೂ ಸಿಗಲಿಲ್ಲ.