ತಡವಾಗಿ ಬಂದ ನಗು

ಅವರ ಬಿಳಿ ಹತ್ತಿಯ ಕೈಗವಸಿನಲ್ಲಿ ಬಲಗೈಯ ತೋರುಬೆರಳು ಅರ್ಧಕ್ಕೇ ಮಡಚಿಕೊಂಡು ಜೋತಾಡುತ್ತಿತ್ತು. ಒಳಗೆ ಬೆರಳಿರಲಿಲ್ಲ. ಎಸ್ಕಿಲ್‌ಸ್ಟುನಾದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಯಂತ್ರಕ್ಕೆ ಸಿಕ್ಕಿ ಹೋದದ್ದಂತೆ. ಗಾಜಿನ ಕಪಾಟು ತೆರೆಯುವ ಮೊದಲು ತಪ್ಪದೆ ಆ ಗವಸು ಹಾಕಿಕೊಳ್ಳುತ್ತಿದ್ದರು. ನಮ್ಮಮ್ಮ ಮಡಿಯುಟ್ಟು ದೇವರ ಪೆಟ್ಟಿಗೆ ತೆಗೆಯುತ್ತಿದ್ದುದು ನನಗೆ ನೆನಪಾಗುತ್ತಿತ್ತು.

ಸೋಲ್ನಾದ ನಮ್ಮ ಕಟ್ಟಡದಲ್ಲಿ ಅವರದು ನಮ್ಮ ಕೆಳಗಿನ ಮನೆ. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಅದು ಬಾಯಿಗೆ ಬರಲಿಲ್ಲ. ಎದುರಿಗೆ ‘ಸರ್’ ಎನ್ನುತ್ತಿದ್ದೆ, ಮನೆಯಲ್ಲಿ ಮಗಳೊಂದಿಗೆ ‘ಕೆಳಗಿನ ಮನೆ ತಾತ’. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರದ ಗುಂಡಿಗಳು ತಿಳಿಯದೆ ನಿಂತಿದ್ದಾಗ ಪರಿಚಯವಾದವರು. ಮಗಳನ್ನು ಡಾಗಿಸ್ ಎಂಬ ಶಿಶುವಿಹಾರಕ್ಕೆ ಬಿಟ್ಟು ಬಂದರೆ ಸಂಜೆಯವರೆಗೆ ಮಾತನಾಡಲು ನನಗೆ ಯಾರೂ ಇರಲಿಲ್ಲ. ಅವರಿಗಂತೂ ಸಂಜೆಯ ಮೇಲೂ ಇರಲಿಲ್ಲ. ಫೀಕಾಗೆ, ಎಂದರೆ ಕಾಫಿತಿಂಡಿಗೆ, ಬಾ ಎಂದರು, ಹೋದೆ.

ಕಪಾಟಿನಲ್ಲಿದ್ದುದೆಲ್ಲ ಒಂದು ಹಳೆಯ ಹಾಸ್ಯ ಧಾರಾವಾಹಿಗೆ ಸೇರಿದ್ದು. ಸಣ್ಣ ಊರಿನ ಅಂಚೆ ಕಚೇರಿಯೊಂದರ ಕಥೆ. ಪೋಸ್ಟ್‌ಮಾಸ್ಟರನ ಟೋಪಿ, ಕಿವಿ ಮುರಿದ ಕಾಫಿ ಕಪ್ಪು, ಸಂಭಾಷಣೆಯ ಹಾಳೆಗಳು, ಎಲ್ಲದರ ಮೇಲೂ ನಟನಟಿಯರ ರುಜು. ನಡುವೆ ಇಡೀ ತಂಡದ ಒಂದು ಫೋಟೊ. ಅದರಲ್ಲಿ ಪೋಸ್ಟ್‌ಮ್ಯಾನ್ ಪಾತ್ರದವನ ರುಜು ಮಾತ್ರ ಇರಲಿಲ್ಲ.

ವಿಡಿಯೊ ಟೇಪು ಹಾಕಿ, ಪ್ರತಿ ಜೋಕಿಗೂ ನಿಲ್ಲಿಸಿ, ನಿಧಾನವಾಗಿ ಅರ್ಥ ಹೇಳುತ್ತಿದ್ದರು. ನನಗೆ ಬಂದ ಸ್ವೀಡಿಷ್ ಎಲ್ಲ ಆ ಸೋಫಾದ ಮೇಲೆ ಬಂದದ್ದು. ಒಮ್ಮೆ ಜೋಕು ಮುಗಿದು ಎಷ್ಟೋ ಹೊತ್ತಾದ ಮೇಲೆ ನಾನು ನಕ್ಕೆ. ಅವರು ತಿರುಗಿ ನನ್ನನ್ನೇ ನೋಡಿದರು.

“ನೀನೂ ತಡ. ಅವಳ ಹಾಗೆ,” ಎಂದರು.

ಅವತ್ತೇ ಆ ಒಂದು ಕಂತು ತೋರಿಸಿದ್ದು. ಪ್ರೇಕ್ಷಕರ ಎದುರಿಗೇ ಚಿತ್ರೀಕರಣ ಮಾಡುತ್ತಿದ್ದ ಕಾಲ ಅದು. ಮದುವೆಯಾದ ಹೊಸತರಲ್ಲಿ ಅವರು ಗಂಡಹೆಂಡತಿ ಹೋಗಿ ಕೂತಿದ್ದರಂತೆ. ಪೋಸ್ಟ್‌ಮ್ಯಾನ್ ಏನೋ ಹೇಳುತ್ತಾನೆ, ಜನ ನಗುತ್ತಾರೆ, ನಿಲ್ಲಿಸುತ್ತಾರೆ. ಎಲ್ಲ ತಣ್ಣಗಾದ ಮೇಲೆ ಒಬ್ಬಳೇ ಹೆಂಗಸು ನಗುತ್ತಾಳೆ. ಮೊದಲು ಬಿಕ್ಕಳಿಕೆಯಂತೆ ಸಣ್ಣಗೆ, ಆಮೇಲೆ ತಡೆಯಲಾರದೆ.

ಅವರ ಬಳಿ ತೀರಿಕೊಂಡ ಹೆಂಡತಿಯ ಫೋಟೊಗಳು ಬೇಕಾದಷ್ಟಿದ್ದವು. ದನಿ ಎಂದು ಉಳಿದದ್ದು ಅದೊಂದೇ. ರುಜು ಕೇಳಲು ಹೋದಾಗಲೆಲ್ಲ ಆ ನಟನಟಿಯರನ್ನು ಕೇಳುತ್ತಿದ್ದುದೂ ಅದೊಂದೇ: ಅವತ್ತು ತಡವಾಗಿ ನಕ್ಕವಳು ನಿಮಗೆ ನೆನಪಿದ್ದಾಳೆಯೇ? ಯಾರಿಗೂ ನೆನಪಿರಲಿಲ್ಲ.

ಒಂದು ಚಳಿಗಾಲ ಟೇಪ್ ಯಂತ್ರ ಆ ಕಂತನ್ನು ನುಂಗಿತು. ಕಂದು ಬಣ್ಣದ ಸುರುಳಿ ಅವರ ಮಡಿಲ ತುಂಬ ಚೂರುಚೂರಾಗಿ ಬಿದ್ದಿತ್ತು. ನನ್ನ ಗಂಡನಿಗೆ ಹೇಳಿದೆ.

“ಅಷ್ಟೇ ತಾನೇ? ಇಡೀ ಸೀರಿಯಲ್ ಆನ್‌ಲೈನ್‌ನಲ್ಲಿದೆ ಕಣೇ. ಸೌಂಡ್ ಎಲ್ಲಾ ನೀಟಾಗಿ ಕ್ಲೀನ್ ಮಾಡಿ ಹಾಕಿದ್ದಾರೆ,” ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡೇ ಇಳಿದು ಬಂದರು.

ಚಿತ್ರ ಕನ್ನಡಿಯ ಹಾಗಿತ್ತು. ಪೋಸ್ಟ್‌ಮ್ಯಾನ್ ಮಾತು ಮುಗಿಸಿದ, ಜನ ನಕ್ಕರು, ನಿಲ್ಲಿಸಿದರು. ಮುಂದಿನ ಮಾತು ಶುರುವಾಯಿತು. ನಡುವೆ ಏನೂ ಇರಲಿಲ್ಲ.

“ಇನ್ನೊಮ್ಮೆ ಹಾಕಿ,” ಎಂದರು ತಾತ.

ನನ್ನವರು ಹಾಕಿದರು. ದನಿ ಏರಿಸಿದರು. ಆಮೇಲೆ ತಲೆ ತಗ್ಗಿಸಿ ಕೂತರು. ಯಾರೋ ಬುದ್ಧಿವಂತರು ಅವಳ ನಗುವನ್ನು ಕಸವೆಂದು ಗುಡಿಸಿ ಹಾಕಿದ್ದರು. ತಾತ ಗವಸು ಕಳಚಿ, ಒಂದರ ಮೇಲೊಂದಿಟ್ಟು, ಕಾಫಿ ಆರಿತೆಂದು ಹೇಳಿ ಒಳಗೆ ಹೋದರು. ಹಳೆಯ ಟೇಪು ಬೇರೆ ಯಾರ ಬಳಿಯಾದರೂ ಇದ್ದೀತೆಂದು ಎಲ್ಲೆಲ್ಲೋ ವಿಚಾರಿಸಿದೆವು. ಸಿಗಲಿಲ್ಲ.

ಉಳಿದಿದ್ದವನು ಪೋಸ್ಟ್‌ಮ್ಯಾನ್. ಅವಳು ನಕ್ಕದ್ದು ಅವನ ಮಾತಿಗೆ, ಅವನಿಗಾದರೂ ನೆನಪಿರಬೇಕು ಎನ್ನುತ್ತಿದ್ದರು. ಅವನು ಲಿಂಕೋಪಿಂಗ್‌ನ ಪುಸ್ತಕದಂಗಡಿಗೆ ರುಜು ಹಾಕಿಕೊಡಲು ಬರುತ್ತಾನೆಂದು ಗೊತ್ತಾದಾಗ ಫೋಟೊವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ನಟನೂ ಮುದುಕನಾಗಿದ್ದ, ಒಳ್ಳೆಯ ಮನುಷ್ಯ. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡ.

“ನೆನಪಿಲ್ಲ. ಆದರೆ ನೀವು ಹೇಳಿ, ಏನು ಬೇಕೋ ಬರೆದುಕೊಡುತ್ತೇನೆ. ಅವರ ನಗು ನೆನಪಿದೆ ಅಂತಲೇ ಬರೆಯಲೇ?”

“ಬೇಡ,” ಎಂದರು ತಾತ. “ಹೆಸರು ಸಾಕು.”

ರೈಲಿನಲ್ಲಿ ಮರಳಿದೆವು. ಮಧ್ಯಾಹ್ನವೇ ಕತ್ತಲಾಗಿತ್ತು, ಕಿಟಕಿಯಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದವು. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಫೋಟೊವನ್ನು ಮೇಜಿನ ಮೇಲಿಟ್ಟು ಪೆನ್ನನ್ನು ನನ್ನ ಕೈಗೆ ಕೊಟ್ಟರು.

“ನೀನು ಹಾಕು.”

“ನಾನು ಯಾರು ಸರ್, ಇದರಲ್ಲಿ?”

“ಅವಳು ನಕ್ಕದ್ದನ್ನು ಕೇಳಿದವರು ಇನ್ನು ನಾವಿಬ್ಬರೇ. ನಿನ್ನ ಅಕ್ಷರದಲ್ಲೇ ಹಾಕು.”

ಪೋಸ್ಟ್‌ಮ್ಯಾನನ ಕಾಲ ಬುಡದಲ್ಲಿ ಕನ್ನಡದಲ್ಲಿ ನನ್ನ ಹೆಸರು ಬರೆದೆ. ಕೊನೆಯ ಕೊಂಬು ವಾರೆಯಾಯಿತು.

ಆಮೇಲೆ ಅವರು ಕಪಾಟು ತೆರೆದದ್ದನ್ನು ನಾನು ನೋಡಲಿಲ್ಲ. ಕರೆದರೆ ಬರುತ್ತಿದ್ದರು, ಕೊಟ್ಟ ಉಪ್ಪಿಟ್ಟು ತಿನ್ನುತ್ತಿದ್ದರು, ಟೀವಿಯ ಕಡೆ ನೋಡುತ್ತಿರಲಿಲ್ಲ. ಮರುವರ್ಷ ಕ್ರಿಸ್‌ಮಸ್ ಮುಗಿದು ಎಲ್ಲರ ಕಿಟಕಿಗಳಿಂದಲೂ ಕಾಗದದ ನಕ್ಷತ್ರದೀಪ ಇಳಿಯಿತು. ಅವರದು ಮಾತ್ರ ಹಗಲಲ್ಲೂ ಉರಿಯುತ್ತಲೇ ಇತ್ತು. ಬಾಗಿಲು ಬಡಿದವಳು ನಾನೇ. ಬೀಗ ತೆಗೆಸಿದಾಗ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು.

ಮನೆ ಖಾಲಿ ಮಾಡಲು ದೂರದ ಸೋದರಳಿಯ ಬಂದ, ಜೊತೆಗೆ ಹಳೆಯ ಸಾಮಾನು ಕೊಳ್ಳುವವನೊಬ್ಬ. ಟೋಪಿ, ಕಪ್ಪು, ಹಾಳೆಗಳು ಪೆಟ್ಟಿಗೆಗೆ ಹೋದವು. ಫೋಟೊವನ್ನು ಕೊಳ್ಳುವವನು ಬೆಳಕಿಗೆ ಹಿಡಿದು ಬದಿಗಿಟ್ಟ. ಎಲ್ಲರ ರುಜುವೂ ಇರುವ ಒಳ್ಳೆಯ ಪ್ರತಿ, ಯಾರೋ ಗೀಚಿ ಹಾಳು ಮಾಡಿದ್ದಾರೆ ಎಂದ. ಅದು ನನ್ನ ರುಜು ಎಂದೆ. ಇಬ್ಬರೂ ಸಭ್ಯವಾಗಿ ನಕ್ಕರು. ಹಾಗಾದರೆ ನೀವೇ ಇಟ್ಟುಕೊಳ್ಳಿ ಎಂದ ಸೋದರಳಿಯ.

ಈಗ ಅದು ನಮ್ಮ ಹಜಾರದಲ್ಲಿದೆ. ಮೊನ್ನೆ ಮಗಳು ಅದರ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಸ್ವೀಡಿಷ್‌ನಲ್ಲಿ ಕೇಳಿದಳು, ಆ ಅಜ್ಜಿ ಹೇಗೆ ನಗುತ್ತಿದ್ದರು ಎಂದು. ನನ್ನ ಕಿವಿಯಲ್ಲಿ ಅದು ಇನ್ನೂ ಸ್ಪಷ್ಟವಾಗಿದೆ, ಆ ಬಿಕ್ಕಳಿಕೆಯ ಸಮೇತ. ಮಾಡಿ ತೋರಿಸಲು ಬಾಯಿ ತೆರೆದೆ.

ಬಂದದ್ದು ನನ್ನ ದನಿ.